ಹನ್ನೆರಡನೇ ಸಲ ಕಡ್ಡಿಪುಡಿ ಬಿಟ್ಟದ್ದು

ಜೂನ್ 3, ಸೋಮವಾರ

ಇವತ್ತಿನಿಂದ ಡೈರಿ. ಕಡ್ಡಿಪುಡಿ ಬಿಟ್ಟವನ ಕೈ ಸುಮ್ಮನಿರುವುದಿಲ್ಲ, ತಾನಾಗಿ ಜೇಬಿಗೆ ಹೋಗುತ್ತದೆ. ಅದಕ್ಕೆ ಪೆನ್ನು ಕೊಟ್ಟು ಕೂರಿಸಿದ್ದೇನೆ. ಇದನ್ನು ಯಾರೂ ಓದಬಾರದು. ಅನ್ನಪೂರ್ಣ, ನೀನು ಓದುತ್ತಿದ್ದರೆ ಇಲ್ಲಿಗೇ ಮುಚ್ಚು.

ಆದದ್ದು ಇಷ್ಟು. ಹೋದ ವಾರ ಹಲ್ಲಿನ ಡಾಕ್ಟರು ನನ್ನ ಕೆನ್ನೆಯ ಒಳಗೆ ಬಿಳಿ ಮಚ್ಚೆ ನೋಡಿ, "ಈಗೇನೂ ಆಗಿಲ್ಲ, ತಂಬಾಕು ಬಿಡದಿದ್ದರೆ ಮುಂದೆ ನಾನು ಹೊಣೆಯಲ್ಲ" ಎಂದರು. ನನ್ನ ಹೆಂಡತಿಗೆ ಅಷ್ಟು ಸಾಕಾಯಿತು. ನಿನ್ನೆ ಹರಿಹರದಲ್ಲಿ ಅವಳ ತಂಗಿ ಶಾಂತಲಾಳ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಕೂತಿದ್ದಾಗ, ಎಲ್ಲರ ಎದುರಿಗೇ ಶುರು ಮಾಡಿದಳು.

"ನೀವು ಕಡ್ಡಿಪುಡಿ ಬಿಡ್ರಿ, ನಾನು ಸಿಹಿ ಬಿಡ್ತೀನಿ. ಇಬ್ರೂ ಲಿಂಗ ಮುಟ್ಟಿ ಹೇಳಾಣ."

ಅವಳಿಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ. ಆದರೂ ಆಗಷ್ಟೇ ಐದು ಹೋಳಿಗೆ ಮುಗಿಸಿದ್ದಳು. ಹೊಟ್ಟೆ ತುಂಬಿದವರಿಗೆ ಆಣೆ ಮಾಡುವುದು ಸುಲಭ. ನಾನು ಈ ಹಿಂದೆ ಹನ್ನೊಂದು ಸಲ ಬಿಟ್ಟಿದ್ದೇನೆ, ಹನ್ನೊಂದು ಸಲವೂ ಅವಳ ತಲೆ ಮುಟ್ಟಿ ಆಣೆ ಮಾಡಿದ್ದೆ. ತನ್ನ ಕೂದಲು ಉದುರಿದ್ದು ಅದಕ್ಕೇ ಅನ್ನುತ್ತಾಳೆ. ಕೊರಳಿನ ಲಿಂಗ ಮುಟ್ಟಿದ್ದು ಇದೇ ಮೊದಲು. ಅದು ಹುಡುಗಾಟದ ಮಾತಲ್ಲ.

"ಈ ಸಲ ತಪ್ಪಿದ್ರೆ ನಾನು ಹರಿಹರದಾಗೇ ಇದ್ದುಬಿಡ್ತೀನಿ, ಹೇಳೀನಿ" ಎಂದೂ ಸೇರಿಸಿದಳು. ಮೂವತ್ತೊಂದು ವರ್ಷದಲ್ಲಿ ಹೀಗೆ ಹೇಳಿರಲಿಲ್ಲ.

ಇವತ್ತು ಸಂಜೆ ದಾವಣಗೆರೆಯ ಮಂಡಿಪೇಟೆಗೆ ಹೋಗಿ ಹಿದಾಯತನ ಗ್ರಂಧಿಗೆ ಅಂಗಡಿಯಲ್ಲಿ ಕೂತೆ. ಬೇರು, ನಾರು, ಚೂರ್ಣ, ಅಗರಬತ್ತಿ ಎಲ್ಲ ಮಾರುವ ಹಳೇ ಸ್ನೇಹಿತ. ನನ್ನ ಮುಖ ನೋಡಿಯೇ ಡಬ್ಬಿಯಿಂದ ಒಂದು ಕಡ್ಡಿ ತೆಗೆದುಕೊಟ್ಟ.

"ಜೇಷ್ಠಮಧು. ಬಾಯಾಡ್ಸಾಕೆ ಇಟ್ಕ ಉಜ್ಜಣ್ಣ, ಸಿಹಿ ಇರ್ತದೆ. ದಿನಕ್ಕೆ ಒಂದು ತುಂಡು, ಹತ್ತು ದಿನ, ಸಾಕು. ಜಾಸ್ತಿ ಬ್ಯಾಡ ನೋಡು."

ಕಾಲು ಕಿಲೋ ಕಟ್ಟಿಸಿಕೊಂಡು ಬಂದೆ.

ಜೂನ್ 5, ಬುಧವಾರ

ಕಡ್ಡಿಪುಡಿ. ಕಡ್ಡಿಪುಡಿ. ಕಡ್ಡಿಪುಡಿ.

ನಮ್ಮ ಮಂಡಕ್ಕಿ ಭಟ್ಟಿಯಲ್ಲಿ, ಮಂಡಕ್ಕಿ ಯಾಕೆ ಇಷ್ಟು ಹಗುರ ಎಂದು ಕೂಗಾಡಿದೆ. ಜರಡಿ ಹಿಡಿದಿದ್ದ ಕರಿಯವ್ವ, "ಮಂಡಕ್ಕಿ ಹಗುರನೇ ಇರ್ತೈತೆ ಸಾವ್ಕಾರ್ರೆ" ಎಂದಳು. ಎದುರುತ್ತರ ಬೇರೆ.

ಸಂಜೆ ಏಳಕ್ಕೆ ಮನೆಯಲ್ಲಿ ತಪಾಸಣೆ. ಅನ್ನಪೂರ್ಣ ಮೊಬೈಲಿನ ಟಾರ್ಚ್ ಹಾಕಿ, "ಬಾಯಿ ತೆಗೀರಿ, ನಾಲಿಗಿ ಎತ್ರಿ, ಎಡಕ್ಕೆ, ಈಗ ಹಾ ಅನ್ರಿ" ಎಂದು ಮೂಸಿ ನೋಡಿದಳು. ಎತ್ತು ಕೊಳ್ಳುವವರೂ ಸಂತೆಯಲ್ಲಿ ಇಷ್ಟು ಹೊತ್ತು ಹಲ್ಲು ನೋಡುವುದಿಲ್ಲ.

ಜೂನ್ 10, ಸೋಮವಾರ

ಜೇಷ್ಠಮಧು ಕಂಡುಹಿಡಿದವನಿಗೆ ಉದ್ದಂಡ ನಮಸ್ಕಾರ. ಅಗಿದಷ್ಟೂ ಸಿಹಿ, ಉಗುಳುವ ಗೋಜಿಲ್ಲ, ಹೆಂಡತಿಯ ಬೈಗುಳವಿಲ್ಲ. ದಿನಕ್ಕೆ ಒಂದು ತುಂಡು ಯಾವ ಮೂಲೆಗೆ ಸಾಲುತ್ತದೆ? ಹಿದಾಯತ್ ಸಣ್ಣ ಬಾಯಿಯ ಮನುಷ್ಯ. ನನಗೆ ಹತ್ತು ಹನ್ನೆರಡು ಬೇಕು. ಬೆಳಗ್ಗೆ ಚಹಾಕ್ಕೆ ಅದರ ಪುಡಿ, ರಾತ್ರಿ ಊಟದ ಮೇಲೆ ಅದರದೇ ಕಷಾಯ. ಪುಡಿಗೆ ಬೆಲ್ಲ, ಕೊಬ್ಬರಿ ಹಾಕಿ ಉಂಡೆ ಕಟ್ಟುವುದನ್ನೂ ಕಲಿತೆ. ಅಂಗಿ ಜೇಬಿನಲ್ಲಿ ಕಡ್ಡಿ, ಪ್ಯಾಂಟಿನ ಜೇಬಿನಲ್ಲಿ ಉಂಡೆ.

ಹಿದಾಯತ್ ಬೈಯುತ್ತಾನೆಂದು ಅರ್ಧ ಕಿಲೋ ಬೇರೆ ಅಂಗಡಿಯಿಂದ ತಂದೆ. ಇದರಲ್ಲಿ ಮೋಸವೇನಿಲ್ಲ, ಅವನಿಗೆ ಬೇಜಾರಾಗಬಾರದು ಅಷ್ಟೆ.

ಜೂನ್ 13, ಗುರುವಾರ

ಶಾಂತಲಾಗೆ ಮಂಡಿನೋವಂತೆ. ನೋಡಿಕೊಂಡು ಬರುತ್ತೇನೆಂದು ಅನ್ನಪೂರ್ಣ ಹರಿಹರಕ್ಕೆ ಹೋಗಿ ಸಂಜೆ ಬಂದಳು. ಬಂದವಳ ಮುಖದಲ್ಲಿ ಕಳೆಯೇನೋ ಇತ್ತು, ಹೊಟ್ಟೆ ಮಾತ್ರ ಕೆಟ್ಟಿತ್ತು. ಆರು ಸಲ ಪಾಯಖಾನೆಗೆ ಓಡಿದಳು. ಹೊಳೆ ನೀರು ಒಗ್ಗಲಿಲ್ಲ ಅಂದಳು. ಅದೇ ಹೊಳೆ ನೀರು ಕುಡಿದು ಬೆಳೆದ ಹೆಂಗಸು! ಇರಲಿ, ವಯಸ್ಸಾಯಿತು.

ಜೂನ್ 20, ಗುರುವಾರ

ಇವಳು ಮತ್ತೆ ಹರಿಹರಕ್ಕೆ, ಮತ್ತೆ ಹೊಟ್ಟೆ. ನಮ್ಮ ಭಟ್ಟಿಯಲ್ಲಿ ಅಕ್ಕಿ ಸಿಡಿದ ಹಾಗೆ ಸದ್ದು, ಪಕ್ಕದ ಕೋಣೆಗೆ ಕೇಳುತ್ತದೆ. ಶಾಂತಲಾಗೆ ಫೋನ್ ಮಾಡಿ, ನೀರು ಕಾಯಿಸಿ ಕೊಡಮ್ಮ ಅಂದೆ. ಅವಳು ಯಾಕೋ ನಕ್ಕಳು.

ನನ್ನ ಚಪ್ಪಲಿ ಕುಗ್ಗಿದೆ. ಈಗೀಗ ಚರ್ಮದ ಗುಣವೇ ಕೆಟ್ಟುಹೋಗಿದೆ. ಉಂಗುರವೂ ಬಿಗಿಯಾಗಿದೆ, ಸೋಪು ಹಚ್ಚಿದರೂ ಬರುವುದಿಲ್ಲ. ಚಿನ್ನ ಕುಗ್ಗುತ್ತದೆಯೇ? ಯಾರನ್ನಾದರೂ ಕೇಳಬೇಕು.

ಜೂನ್ 24, ಸೋಮವಾರ

ತಲೆ ಸಿಡಿಯುತ್ತಿತ್ತು. ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಗೆ ಆಲಿಯಾ ಅಂತ ಹೊಸ ಡಾಕ್ಟರಮ್ಮ ಬಂದಿದ್ದಾಳೆ, ಮಗಳ ವಯಸ್ಸಿನವಳು. ಬಿಪಿ ನೋಡಿ ಪಟ್ಟಿಯನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದಳು. ನೂರಾ ಎಪ್ಪತ್ತು.

"ಅಂಕಲ್, ತಂಬಾಕು?"

"ಬಿಟ್ಟು ಮೂರು ವಾರ ಆತು."

ಅನ್ನಪೂರ್ಣ ಪಕ್ಕದಲ್ಲಿ ಕೆಮ್ಮಿದಳು. ಅದು ಕೆಮ್ಮಲ್ಲ, ನನಗೆ ಗೊತ್ತು.

"ಬೇರೆ ಔಷಧಿ ಏನಾದ್ರೂ ತಗೊಳ್ತಿದ್ದೀರಾ? ಮಾತ್ರೆ, ಟಾನಿಕ್, ಆಯುರ್ವೇದಿಕ್?"

"ಒಂದೂ ಇಲ್ಲಮ್ಮ. ನಾನು ಔಷಧಿ ಮೂಸೂ ನೋಡಲ್ಲ."

ಇದು ನೂರಕ್ಕೆ ನೂರು ನಿಜ. ದೇವರು ಮೆಚ್ಚುವ ಮಾತು. ಡಾಕ್ಟರಮ್ಮ ಒಂದು ಮಾತ್ರೆ ಬರೆದಳು. ಉಪ್ಪು ಬಂದ್ ಎಂದಳು. ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಮಿರ್ಚಿ ಇಲ್ಲ, ಮಂಡಕ್ಕಿ ಇಲ್ಲ. ಮಂಡಕ್ಕಿ ಭಟ್ಟಿಯ ಮಾಲೀಕನಿಗೆ ಮಂಡಕ್ಕಿ ಇಲ್ಲ! ಅಪ್ಪನ ಕಾಲದಿಂದ ನಾವು ತಿಂದದ್ದೇ ಅದು. ಸಿಟ್ಟು ತಡೆಯಲಾರದೆ ಮನೆಗೆ ಬಂದು ಒಟ್ಟಿಗೆ ಮೂರು ಜೇಷ್ಠಮಧು ತುಂಡು ಬಾಯಿಗೆ ಹಾಕಿಕೊಂಡೆ. ಸದ್ಯ ಅದೊಂದು ಇದೆ.

ಜೂನ್ 28, ಶುಕ್ರವಾರ

ಬಿಪಿ ನೂರಾ ಎಪ್ಪತ್ತೆಂಟು. ಮಾತ್ರೆ ಒಂದಿದ್ದದ್ದು ಎರಡಾಯಿತು. ಮನೆಗೆ ಬಂದ ಕೂಡಲೇ ಅನ್ನಪೂರ್ಣ ಬಾಗಿಲು ಹಾಕಿದಳು.

"ಉಪ್ಪು ಬಿಟ್ರಿ, ಮಾತ್ರೆ ತಗಂಡ್ರಿ. ಆದ್ರೂ ಏರ್ತೈತೆ ಅಂದ್ರೆ ಒಳಗೆ ಏನೋ ಹೋಗ್ತೈತೆ."

"ಏನೋ ಅಂದ್ರೆ?"

"ನಿಮ್ಗೇ ಗೊತ್ತು. ಅಂಗಿ ಜೇಬಿನಾಗೆ ಇದೇನ್ರಿ ನಾರು? ಹಲ್ಲು ಯಾಕ ಹಳದಿ ಆಗ್ಯಾವೆ?"

"ಜೇಷ್ಠಮಧು ಕಣೇ."

"ಜೇಷ್ಠಮಧು ತಿಂದ್ರೆ ಬಿಪಿ ಬರ್ತದೇನು? ನಮ್ಮಜ್ಜಿ ಕೂಸುಗಳಿಗೆ ತೇದು ನೆಕ್ಕಿಸ್ತಿದ್ಲು. ಸುಳ್ಳು ಹೇಳೋದಾದ್ರೆ ಚಂದಾಗಿರೋದು ಹೇಳ್ರಿ."

ಲಿಂಗ ಮುಟ್ಟಿದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಮತ್ತೊಮ್ಮೆ ಮುಟ್ಟಿದೆ. "ಹನ್ನೊಂದು ಸಲ ನನ್ನ ತಲಿ ಮುಟ್ಟಿದ್ರಿ" ಎಂದಳು. ನನಗೂ ರೇಗಿತು. "ಹಂಗಾದ್ರೆ ನೀನೂ ಮುಟ್ಟಿ ಹೇಳು, ಸಿಹಿ ತಿಂದಿಲ್ಲ ಅಂತ!" ಎಂದೆ.

"ನಂದಿನ್ನೂ ಸ್ನಾನ ಆಗಿಲ್ಲ" ಎಂದು ಒಳಗೆ ಹೋದಳು. ಸಂಜೆ ನಾಲ್ಕಾದರೂ ಸ್ನಾನ ಆಗಿರಲಿಲ್ಲ ಪಾಪ. ಹೊಟ್ಟೆನೋವಿನವಳ ಮೇಲೆ ಕೂಗಬಾರದಿತ್ತು.

ಸುಳ್ಳು ಹೇಳುತ್ತಿದ್ದ ಕಾಲದಲ್ಲಿ ಎಷ್ಟು ನೆಮ್ಮದಿಯಾಗಿದ್ದೆ! ಆಗೆಲ್ಲ ನಂಬುತ್ತಿದ್ದಳು. ಈಗ ಕೊರಳು ಕೊಯ್ದು ತೋರಿಸಿದರೂ ಒಳಗೆ ಕಡ್ಡಿಪುಡಿ ಹುಡುಕುತ್ತಾಳೆ.

ಜುಲೈ 4, ಗುರುವಾರ

ಹರಿಹರಕ್ಕೆ ಹೋದಳು. ಎರಡು ಸೀರೆ ಹೆಚ್ಚಿಗೆ ಇಟ್ಟುಕೊಂಡಳು.

ಜುಲೈ 6, ಶನಿವಾರ

ಬಂದಿಲ್ಲ. ಫೋನ್ ಮಾಡಿದರೆ, "ಬಾಯಿ ಸ್ವಚ್ಛ ಆದಮ್ಯಾಲೆ ಹೇಳ್ರಿ, ಬರ್ತೀನಿ" ಎಂದು ಇಟ್ಟಳು.

ನಾನೇನು ಅವಳ ದಾರಿ ಕಾಯುತ್ತಿಲ್ಲ. ಅಡುಗೆ ಬರುತ್ತದೆ, ಕೈಕಾಲು ಗಟ್ಟಿ ಇವೆ. ಗಟ್ಟಿ ಅಂದರೆ, ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತದೆ, ಅಷ್ಟೆ. ಇವತ್ತು ಜೇಷ್ಠಮಧು ಹದಿನೆಂಟು ತುಂಡು, ಉಂಡೆ ಐದು. ಸಂಜೆ ಏಳಕ್ಕೆ ಕನ್ನಡಿ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದೆ. ನೋಡುವವರು ಯಾರೂ ಇರಲಿಲ್ಲ. ಮನೆ ಬಣಬಣ ಅನ್ನುತ್ತಿದೆ. ನಾಳೆ ನಾನೇ ಹೋಗುತ್ತೇನೆ. ಹೋಗಿ ಖಡಾಖಂಡಿತ ಮಾತಾಡುತ್ತೇನೆ.

ಜುಲೈ 9, ಮಂಗಳವಾರ

ಪೆನ್ನು ಹಿಡಿಯುವಷ್ಟು ಶಕ್ತಿ ಇವತ್ತು ಬಂದಿದೆ. ಆಸ್ಪತ್ರೆಯ ಮಂಚದಲ್ಲಿದ್ದೇನೆ. ಎಲ್ಲವನ್ನೂ ಬರೆಯಬೇಕು.

ಭಾನುವಾರ ಬಸ್ಸಿನಲ್ಲಿ ಹರಿಹರದವರೆಗೂ ಮಾತು ಕೂಡಿಸಿಕೊಂಡು ಹೋದೆ. ಮೂವತ್ತೊಂದು ವರ್ಷದ ಸಂಸಾರ, ಮರ್ಯಾದೆ, ನಂಬಿಕೆ, ಎಲ್ಲ ಅದರಲ್ಲಿತ್ತು. ಶಾಂತಲಾಳ ಮನೆ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಅಕ್ಕತಂಗಿ ಎದುರುಬದುರು ಕೂತಿದ್ದರು, ನಡುವೆ ಒಂದು ಡಬ್ಬಿ. ನನ್ನನ್ನು ನೋಡಿ ಅನ್ನಪೂರ್ಣ ಕಣ್ಣರಳಿಸಿದಳು, ಮಾತಾಡಲಿಲ್ಲ. ಕೆನ್ನೆ ಎರಡೂ ಉಬ್ಬಿದ್ದವು. ಮುಖ ಊದಿಸಿಕೊಂಡಿದ್ದಾಳೆ, ಸಿಟ್ಟು ಇಳಿದಿಲ್ಲ ಅಂದುಕೊಂಡೆ.

"ಅನ್ನಪೂರ್ಣ, ಇವತ್ತು ಇತ್ಯರ್ಥ ಆಗ್ಬೇಕು" ಎಂದು ಹೊಸ್ತಿಲ ಮೇಲೆ ಕಾಲಿಟ್ಟೆ. ಕಾಲು ನನ್ನ ಮಾತು ಕೇಳಲಿಲ್ಲ. ಕುಸಿದು ಹೊಸ್ತಿಲ ಮೇಲೇ ಕೂತೆ. ಏಳಲು ಹೋದರೆ ತೊಡೆ, ಮೊಣಕಾಲು ಯಾವುದೂ ನನ್ನದಲ್ಲ. ಅನ್ನಪೂರ್ಣ ಬಾಯಲ್ಲಿದ್ದದ್ದನ್ನು ನುಂಗಿ "ಅಯ್ಯೋ ಶಿವನೇ!" ಎಂದು ಕಿರುಚಿದಳು.

ಶಾಂತಲಾಳ ಗಂಡ ತೋಟಪ್ಪ ಕಾರು ತೆಗೆದ. ಹರಿಹರದಿಂದ ದಾವಣಗೆರೆಗೆ ಅರ್ಧ ಗಂಟೆ. ಅಷ್ಟರಲ್ಲಿ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ನನಗಾಗಿ ಅಲ್ಲ. ಪೆಟ್ರೋಲ್ ಬಂಕಿನ ಹಿಂದೆ ಅನ್ನಪೂರ್ಣ ಓಡುವುದನ್ನು ನೋಡುತ್ತ, ನಾನು ಹೀಗೇ ಸಾಯುತ್ತೇನೆ ಅಂದುಕೊಂಡೆ.

ಆಲಿಯಾ ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಕರೆತಂದು ರಕ್ತ ತೆಗೆಸಿದಳು, ಎದೆಗೆ ವೈರು ಅಂಟಿಸಿದಳು. ಸಂಜೆ ರಿಪೋರ್ಟ್ ಹಿಡಿದು ಮಂಚದ ಪಕ್ಕ ಕೂತಳು.

"ಅಂಕಲ್, ಪೊಟ್ಯಾಸಿಯಂ ಪೂರ್ತಿ ಇಳಿದುಹೋಗಿದೆ. ಔಷಧಿ ಮಾತು ಬಿಡಿ, ಊಟದ ಮಾತೂ ಬಿಡಿ. ನಿಮ್ಮ ಜೇಬಲ್ಲಿ ಏನಿದೆ ಎಲ್ಲ ಇಲ್ಲಿ ಇಡಿ."

ಬಾಚಣಿಗೆ ಇಟ್ಟೆ. ಬಸ್ ಟಿಕೆಟ್ ಇಟ್ಟೆ. ಜೇಷ್ಠಮಧು ಕಡ್ಡಿ ಏಳು, ಪುಡಿಯ ಪೊಟ್ಟಣ ಒಂದು, ಉಂಡೆ ನಾಲ್ಕು.

"ದಿನಕ್ಕೆ ಎಷ್ಟು?"

ಹೇಳಿದೆ. ಚಪ್ಪಲಿ ಕುಗ್ಗಿದ್ದನ್ನೂ ಹೇಳಿದೆ. ಆ ಹುಡುಗಿ ಎರಡೂ ಕೈ ಬಾಯಿಗೆ ಒತ್ತಿಕೊಂಡಿತು. ನಗುವುದೋ ಬೈಯುವುದೋ ತಿಳಿಯದೆ ಕಿಟಕಿ ಕಡೆ ತಿರುಗಿತು.

"ಆಯುರ್ವೇದಿಕ್ ಏನಾದ್ರೂ ಅಂತ ಕೇಳಿದ್ನಲ್ಲ ಅಂಕಲ್!"

"ಇದು ಬೇರಮ್ಮ. ಶುಂಠಿ, ಕೊತ್ತಂಬ್ರಿ ಇದ್ದಂಗೆ. ನಮ್ಮವ್ವ ಕೆಮ್ಮಿಗೆ ಕೊಡ್ತಿದ್ಲು."

"ಚೂರು ತಿಂದ್ರೆ ಕೆಮ್ಮಿಗೆ ಒಳ್ಳೇದೇ. ನೀವು ತಿಂದಷ್ಟು ತಿಂದ್ರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ. ಬಿಪಿ ಏರುತ್ತೆ, ಕಾಲು ಸೋಲುತ್ತೆ. ನಿಮ್ಮ ಚಪ್ಪಲಿ ಕುಗ್ಗಿಲ್ಲ, ಕಾಲು ಊದಿದೆ. ಇನ್ನೆರಡು ವಾರ ಬಿಟ್ಟಿದ್ರೆ ಹೃದಯಕ್ಕೇ ಬರ್ತಿತ್ತು."

ಮಂಚದ ಕಾಲುದೆಸೆಯಿಂದ ಅನ್ನಪೂರ್ಣ ಕೇಳಿದಳು, "ಹಂಗಾದ್ರೆ ಕಡ್ಡಿಪುಡಿ?"

"ಇದು ಕಡ್ಡಿಪುಡಿಯ ಕೆಲಸ ಅಲ್ವೇ ಅಲ್ಲ ಆಂಟಿ. ಹಲ್ಲಿನ ಡಾಕ್ಟರ ಚೀಟಿಲಿದ್ದ ಬಿಳಿ ಮಚ್ಚೆನೂ ಕಡಿಮೆ ಆಗಿದೆ. ಅಂಕಲ್ ನಿಜಕ್ಕೂ ಬಿಟ್ಟಿದಾರೆ."

ಅನ್ನಪೂರ್ಣ ಸೆರಗು ಮುಖಕ್ಕೆ ಹಿಡಿದು ಅಳತೊಡಗಿದಳು. ಆ ಗಳಿಗೆಗೇ ಅವಳ ಹೊಟ್ಟೆ ಗುಡುಗಿತು, ಸೆರಗು ಹಿಡಿದುಕೊಂಡೇ ಓಡಿದಳು.

"ಆಂಟಿಗೆ ಏನಾಗಿದೆ?" ಎಂದಳು ಡಾಕ್ಟರಮ್ಮ.

ಆಗ ನಮ್ಮ ಜೊತೆಗೇ ಕಾರಿನಲ್ಲಿ ಬಂದಿದ್ದ ಶಾಂತಲಾ ಬಾಯಿಬಿಟ್ಟಳು. ಹರಿಹರದಲ್ಲಿ ಅವಳ ಮನೆ ಹತ್ತಿರ ಶುಗರ್ ಫ್ರೀ ಬರ್ಫಿ ಸಿಗುತ್ತದಂತೆ. "ಅದ್ರಾಗೆ ಸಕ್ರಿ ಇಲ್ಲಲ್ಲ, ಆಣೆ ತಪ್ಪಿದಂಗೆ ಆಗಲ್ಲ ಅಂತ ಅಕ್ಕ ಗುರುವಾರ ಗುರುವಾರ ಬರ್ತಿದ್ಲು. ನನ್ನ ಮಂಡಿಗೆ ಏನೂ ಆಗಿಲ್ಲ."

"ಸಕ್ಕರೆ ಬದಲು ಅದಕ್ಕೆ ಹಾಕೋ ಪದಾರ್ಥ ಜಾಸ್ತಿಯಾದ್ರೆ ಹೊಟ್ಟೆ ಹೀಗೇ ಆಗುತ್ತೆ. ಎಷ್ಟು ತಿಂತಿದ್ರು?"

"ಒಂದ್ಸಲಕ್ಕೆ ಕಾಲು ಕಿಲೋ" ಎಂದಳು ಶಾಂತಲಾ. ಹೊಳೆಯನ್ನು ಸುಮ್ಮನೆ ಒಂದು ತಿಂಗಳು ಬೈದೆವು.

ಜುಲೈ 10, ಬುಧವಾರ

ಬರ್ಫಿಯ ಬಗ್ಗೆ ಹೇಳಲು ನನ್ನ ಹತ್ತಿರ ಬಹಳ ಇತ್ತು. ರಾತ್ರಿಯೆಲ್ಲ ಮಸೆದು ಇಟ್ಟುಕೊಂಡಿದ್ದೆ. ಬೆಳಗ್ಗೆ ಅವಳು ಬಂದು, ನನಗೆಂದು ತಂದ ಬಾಳೆಹಣ್ಣು ಸುಲಿದು, ಮರೆತು ತಾನೇ ತಿನ್ನುತ್ತ ಕೂತಳು.

"ಹನ್ನೊಂದು ಸಲ ಬಿಟ್ಟೆ ಅಂದ್ರಿ. ಹನ್ನೊಂದು ಸಲಾನೂ ನಂಬಿದೆ, ಹನ್ನೊಂದು ಸಲಾನೂ ಸುಳ್ಳು. ಈ ಸಲ ನಿಜಕ್ಕೂ ಬಿಟ್ರಿ. ಈ ಸಲ ನಂಬಲಿಲ್ಲ ನೋಡ್ರಿ."

ಮಸೆದದ್ದೆಲ್ಲ ಮೊಂಡಾಯಿತು. "ನಿನ್ನ ಜಾಗದಾಗಿದ್ರೆ ನಾನೂ ನಂಬ್ತಿರಲಿಲ್ಲ ಬಿಡೇ" ಎಂದೆ. ಅವಳು ಜೋರಾಗಿ ಅತ್ತಳು. ಹೆಂಗಸರಿಗೆ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಜುಲೈ 12, ಶುಕ್ರವಾರ

ಮನೆಗೆ ಬಂದೆ. ಹಿದಾಯತ್ ನೋಡಲು ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಅನ್ನಪೂರ್ಣ ಅವನ ಮೇಲೆ ಹರಿಹಾಯ್ದಳು.

"ಅಕ್ಕಾರ, ನಾನು ದಿನಕ್ಕೊಂದು ತುಂಡು, ಹತ್ತೇ ದಿನ ಅಂದಿದ್ದೆ! ಅತಿಯಾದ್ರೆ ಅಮೃತಾನೂ ವಿಷ ಅಂತ ದೊಡ್ಡೋರು ಸುಮ್ನೆ ಹೇಳ್ಯಾರೇನು? ಇವ್ನು ಬೇರೆ ಅಂಗಡಿಗೆ ಹೋಗಿ ಕಿಲೋಗಟ್ಲೆ ತಿಂದ್ರೆ ನಾನೇನ್ಮಾಡ್ಲಿ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಜುಲೈ 22, ಸೋಮವಾರ

ಬಿಪಿ ನೂರಾ ನಲವತ್ತು. ಹಳೇ ಚಪ್ಪಲಿ ಕಾಲಿಗೆ ಬಂತು. ಉಂಗುರ ತಿರುಗುತ್ತದೆ. ಪೊಟ್ಯಾಸಿಯಂ ಔಷಧಿಯ ರುಚಿ ಮಾತ್ರ ವೈರಿಗೂ ಬೇಡ.

ಬಾಯಿ ಖಾಲಿ. ಕಡ್ಡಿಪುಡಿ ಇಲ್ಲ, ಬೇರೂ ಇಲ್ಲ. ಇಷ್ಟು ದಿನ ಬೇರು ಅಗಿಯುತ್ತಿದ್ದುದರಿಂದ ಕಡ್ಡಿಪುಡಿಯ ನೆನಪು ಅಡಗಿತ್ತು, ಈಗ ಎದ್ದು ಕೂತಿದೆ. ಭಟ್ಟಿಯಲ್ಲಿ ಯಾರಾದರೂ ಸುಣ್ಣದ ಡಬ್ಬಿ ತೆಗೆದರೆ ಆ ಸದ್ದು ಇಡೀ ಅಂಗಳ ದಾಟಿ ನನ್ನ ಕಿವಿಗೆ ಬರುತ್ತದೆ. ಅನ್ನಪೂರ್ಣ ಮಾತ್ರ ಬಾಯಿ ನೋಡುವುದನ್ನು ಪೂರ್ತಿ ನಿಲ್ಲಿಸಿದ್ದಾಳೆ. ಏಳು ಗಂಟೆಗೆ ಸುಮ್ಮನೆ ಅವಳ ಎದುರು ಹೋಗಿ ನಿಂತರೆ, "ಏನು ಬೇಕ್ರಿ?" ಅನ್ನುತ್ತಾಳೆ. ಟಾರ್ಚ್ ಇದ್ದಾಗಲೇ ಸುಲಭವಿತ್ತು.

ಜುಲೈ 28, ಭಾನುವಾರ

ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯುತ್ತೇನೆ.

ಮಧ್ಯಾಹ್ನ ಶಾಂತಲಾಳ ಮನೆಯಲ್ಲಿ ಊಟ. ಹೊರಡುವಾಗ ಅಕ್ಕತಂಗಿಯರ ಮಾತು ಮುಗಿಯಲಿಲ್ಲ. ಸೀಟು ಹಿಡಿಯುತ್ತೇನೆಂದು ನಾನು ಮುಂದಾಗಿ ಹರಿಹರ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಗೂಡಂಗಡಿ. ಕಾಲು ತಾನಾಗಿ ನಿಂತಿತು. ಕೈ ತಾನಾಗಿ ಮುಂದೆ ಹೋಯಿತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ನಾನೇ ಕೇಳಿದೆ, "ಒಂದು ಕಡ್ಡಿಪುಡಿ ಕೊಡಪ್ಪ." ಪೊಟ್ಟಣ ಜೇಬಿಗೆ ಹಾಕಿದೆ. ಒಂದೇ ಒಂದು ಚಿಟಿಕೆ, ಮನೆಗೆ ಹೋಗಿ, ಆಮೇಲೆ ಯಾವತ್ತೂ ಇಲ್ಲ. ಹನ್ನೊಂದು ಸಲವೂ ಹೀಗೇ ಅಂದುಕೊಂಡಿದ್ದೆ. ಬಸ್ಸಿನಲ್ಲಿ ಅನ್ನಪೂರ್ಣ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಪೊಟ್ಟಣ ಇದ್ದದ್ದು ಆ ಕಡೆಯ ಜೇಬಿನಲ್ಲೇ.

ಮನೆಗೆ ಬಂದು ಅವಳು ಚಪಾತಿಗೆ ಕೂತಳು, ನಾನು ಪಾಯಖಾನೆಗೆ ಹೋಗಿ ಅಗುಳಿ ಹಾಕಿದೆ. ಪೊಟ್ಟಣದ ಮೂಲೆ ಹರಿದೆ. ವಾಸನೆ ಮೇಲೆದ್ದಿತು. ಶಿವನೇ, ಆ ವಾಸನೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫೋನ್ ಬಂತು. ಕೈಯೆಲ್ಲ ಹಿಟ್ಟು ಎಂದು ಅವಳು ಸ್ಪೀಕರಿಗೆ ಹಾಕಿದಳು. ಶಾಂತಲಾಳ ದನಿ ಗೋಡೆ ದಾಟಿ ಬಂತು.

"ಅಕ್ಕ, ಹೆಂಗೆ ಹೇಳ್ಲೇ ನಿಂಗೆ. ಭಾವ ಬಸ್ ಸ್ಟ್ಯಾಂಡ್ನಾಗೆ ಕಡ್ಡಿಪುಡಿ ತಗಂಡ್ರಂತೆ. ನಮ್ಮನೇರು ಕಣ್ಣಾರೆ ನೋಡ್ಯಾರೆ. ಒಂದ್ಸಲ ಬಾಯಿ ನೋಡು."

ನಾನು ಅಗುಳಿಯನ್ನು ಇನ್ನೊಮ್ಮೆ ಒತ್ತಿ ನೋಡಿದೆ.

"ನೋಡಲ್ಲ" ಎಂದಳು ಅನ್ನಪೂರ್ಣ.

"ಸುಳ್ಳಲ್ಲಕ್ಕ, ಕಣ್ಣಾರೆ..."

"ತಗಂಡಿರಬೋದು ಕಣೇ. ಹಾಕ್ಕಂಡಿಲ್ಲ. ಹಾಕ್ಕಳಲ್ಲ. ನಂಗೊತ್ತು. ಚಪಾತಿ ಸೀದುಹೋಗ್ತೈತೆ, ಇಡು."

ಪೊಟ್ಟಣ ಬಾಯಿಯಿಂದ ಗೇಣು ದೂರದಲ್ಲಿತ್ತು. ಪಾಯಖಾನೆಯ ಗುಂಡಿಗೆ ಪೂರ್ತಿ ಸುರಿದೆ, ನೀ ಹಾಳಾಗಿ ಹೋಗು ಎಂದು. ಹಾಳಾದ್ದು ಒಂದು ಬಕೆಟ್ ನೀರಿಗೆ ಹೋಗಲಿಲ್ಲ, ತೇಲುತ್ತಾ ನನ್ನನ್ನೇ ನೋಡುತ್ತಿತ್ತು. ಎರಡು ಹಾಕಿದೆ. ಮೂರು ಹಾಕಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ವಾಸನೆಗೆ ಇರಬೇಕು. ನಾಲ್ಕನೇ ಬಕೆಟ್ಟಿಗೆ ಅನ್ನಪೂರ್ಣ ಬಾಗಿಲು ಬಡಿದಳು.

"ಏನ್ರೀ, ಎಷ್ಟೊತ್ತು? ಹೊಟ್ಟಿ ಸರಿ ಇಲ್ಲೇನು?"

"ಈಗ ಸರಿ ಆತು" ಎಂದೆ.